ಅಳಿಯನ ಕಲ್ಲು, ಮಗನ ಕಲ್ಲು

ನನ್ನ ಎಡ ಮೂತ್ರನಾಳದಲ್ಲಿ 5 ಮಿಲಿಮೀಟರಿನ ಕಲ್ಲೊಂದೂ, ಅದೇ ವಾರ ಭಾವಮೈದನ ಪಿತ್ತಕೋಶದಲ್ಲಿ 14 ಮಿಲಿಮೀಟರಿನದೊಂದೂ ಸ್ಕ್ಯಾನಿಂಗಿನಲ್ಲಿ ಕಾಣಿಸಿಕೊಂಡ ಸುದ್ದಿ ತಿಳಿದ ಅತ್ತೆಯವರು, ಆಲೂರಿನಿಂದ ಮೊದಲ ಬಸ್ಸಿಗೇ ಹಾಸನಕ್ಕೆ ಬಂದಿಳಿದರು. ಬಗಲಲ್ಲಿ ಮಾರುದ್ದದ ಬಾಳೆದಿಂಡು, ಕೈಚೀಲದಲ್ಲಿ ಎರಡು ಸೇರು ಹುರುಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಾಡುಬಸಳೆ ಎಲೆಗಳು. ದಿಂಡಿಗೆ ಲಗೇಜು ಚೀಟಿ ಹರಿಯಲು ಬಂದ ಕಂಡಕ್ಟರಿಗೂ ಎರಡು ವರ್ಷದಿಂದ ಕಲ್ಲಿನ ತೊಂದರೆಯಿದೆಯೆಂಬುದನ್ನು ವಿಚಾರಿಸಿ ತಿಳಿದುಕೊಂಡು, ಅವರಿಗೂ ಗೇಣುದ್ದ ಮುರಿದುಕೊಟ್ಟು ಬಂದಿದ್ದರು.

ನನ್ನ ಕಲ್ಲು ನೀರು ಹರಿಯುವ ದಾರಿಯಲ್ಲಿದೆ, ಇಂಥವು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನವು, ಚಿಕ್ಕದಾದ್ದರಿಂದ ತಾನಾಗಿ ಜಾರಿಹೋಗುವ ಸಂಭವವಿದೆ. ಪಿತ್ತಕೋಶವಾದರೋ ಯಕೃತ್ತಿನ ಕೆಳಗೆ ತೂಗುವ ಬೇರೆಯೇ ಚೀಲ, ಅಲ್ಲಿನ ಕಲ್ಲು ಬಹುಮಟ್ಟಿಗೆ ಕೊಲೆಸ್ಟರಾಲಿನದು, ಕೊಡಗಟ್ಟಲೆ ನೀರು ಕುಡಿದರೂ ಅದಕ್ಕೆ ತೇವ ತಾಗುವುದಿಲ್ಲ ಎಂದು ನಾನು ವೈದ್ಯರು ಹೇಳಿದ್ದನ್ನೇ ಒಪ್ಪಿಸಿದೆ. ಅತ್ತೆಯವರು ಪೂರ್ತಿ ಕೇಳಿಸಿಕೊಂಡು, "ಅಳಿಯಂದಿರೇ, ಕಲ್ಲು ಕಲ್ಲೇ. ಎಲ್ಲಿದ್ದರೇನಂತೆ?" ಎಂದು ಈಳಿಗೆಮಣೆ ಕೇಳಿದರು.

ಬಾಳೆದಿಂಡನ್ನು ಹೆಚ್ಚುವುದು ತಾಳ್ಮೆಯ ಕೆಲಸ. ಬಿಲ್ಲೆ ಕೊಯ್ದಾಗಲೆಲ್ಲ ಎಳೆಯೆಳೆಯಾಗಿ ಬರುವ ನಾರನ್ನು ತೋರುಬೆರಳಿಗೆ ಸುತ್ತಿ ತೆಗೆಯಬೇಕು, ಕಪ್ಪಾಗದಂತೆ ಬಿಲ್ಲೆಗಳನ್ನು ಮಜ್ಜಿಗೆ ನೀರಿಗೆ ಹಾಕಬೇಕು. ಎರಡನೆಯ ದಿನ ಈ ಕೆಲಸ ನನ್ನ ಪಾಲಿಗೆ ಬಂದಾಗ, ಹೇಗೂ ರಸ ಸೋಸುತ್ತೇವಲ್ಲ ಎಂದು ನಾರು ತೆಗೆಯದೆಯೇ ಮಿಕ್ಸಿಗೆ ಹಾಕಿದೆ. ಅರ್ಧ ನಿಮಿಷಕ್ಕೆ ಅದು ಏದುಸಿರು ಬಿಟ್ಟಿತು. ಮುಕ್ಕಾಲು ನಿಮಿಷಕ್ಕೆ ಹೊಗೆ ಬಿಟ್ಟಿತು. ರಿಪೇರಿಯವನು ಬ್ಲೇಡಿನ ಬುಡದಿಂದ ಜನಿವಾರದಂತೆ ನಾರನ್ನು ಎಳೆದೆಳೆದು ತೆಗೆದು, ನನ್ನ ಮುಖವನ್ನೂ ನೋಡದೆ, "ಎಷ್ಟು ಎಂ.ಎಂ. ಸಾರ್?" ಎಂದು ಕೇಳಿದ. ಆ ವಾರ ಅವನಿಗೆ ಅದು ಮೂರನೆಯ ಮಿಕ್ಸಿಯಂತೆ.

ಹುರುಳಿಕಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಬಸ್ಸಾರಾಗಿ ಬಂದರೆ ಮುದ್ದೆಯೊಂದಿಗೆ ಎರಡು ಸಲ ಬಡಿಸಿಕೊಳ್ಳುವವನು ನಾನು. ಆದರೆ ಬೆಳಿಗ್ಗೆ ಬರಿಹೊಟ್ಟೆಗೆ ಉಪ್ಪಿಲ್ಲದೆ ಕುಡಿದರೆ ಮೈಯುಷ್ಣ ಏರುತ್ತದೆಂದು ಅದಕ್ಕೆ ಬಾರ್ಲಿ ನೀರು, ಬಾರ್ಲಿಯಿಂದ ಶೀತವಾಗುತ್ತದೆಂದು ಅದಕ್ಕೆ ಮೆಣಸಿನ ಕಷಾಯ, ಹೀಗೆ ಒಂದು ಮದ್ದಿಗೆ ಇನ್ನೊಂದು ಮದ್ದಾಗಿ ಸಂಜೆಯವರೆಗೂ ಲೋಟ ಕೈಬಿಡುತ್ತಿರಲಿಲ್ಲ. ಒಟ್ಟಿನಲ್ಲಿ ಮೂರು ಲೀಟರು ನೀರು ಒಳಹೋಗುತ್ತಿತ್ತೆಂಬುದೇ ಈ ಚಿಕಿತ್ಸೆಯ ನಿಜವಾದ ಗುಣವೆಂದು ನನ್ನ ಗುಮಾನಿ. ಕ್ಯಾಲ್ಸಿಯಂ ಇದೆಯೆಂದು ಕಾಫಿಯ ಹಾಲನ್ನೂ ನಿಲ್ಲಿಸಿದ್ದರು. ಊಟದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆಯಾದರೆ ಆಕ್ಸಲೇಟು ಇನ್ನಷ್ಟು ರಕ್ತಕ್ಕೆ ಸೇರುತ್ತದೆ, ಹಾಲು ಬಿಡಬೇಡಿ ಎಂದು ವೈದ್ಯರು ಹೇಳಿದಾಗ ನನಗೆ ಅರ್ಧ ನೋವು ಅಲ್ಲೇ ಇಳಿಯಿತು.

ಭಾವಮೈದನದು ಬೇರೆಯೇ ದಾರಿ. ಯಾರೋ ಮೊಬೈಲಿಗೆ ಕಳಿಸಿದ್ದನ್ನು ನಂಬಿ ರಾತ್ರಿ ಒಂದು ಲೋಟ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದವನು, ಬೆಳಿಗ್ಗೆ ಹಸಿರು ಗುಂಡುಗಳ ಫೋಟೋವನ್ನು "ಭಾವ, ಬಂದವು!" ಎಂದು ಕುಟುಂಬದ ಗುಂಪಿಗೆ, ಅದೂ ತಿಂಡಿಯ ಹೊತ್ತಿಗೆ, ಹಾಕಿದ. ಅದು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾದದ್ದು ಎಂದು ವೈದ್ಯರು ಹೇಳಿದರು; ಮರುಸ್ಕ್ಯಾನಿಂಗಿನಲ್ಲಿ 14 ಮಿಲಿಮೀಟರು ಹಾಗೆಯೇ ಕುಳಿತಿತ್ತು. ಕಡೆಗೆ ಶಸ್ತ್ರಚಿಕಿತ್ಸೆ ಮಾಡಿ ಪಿತ್ತಕೋಶವನ್ನೇ ತೆಗೆದರು.

ನನ್ನದು ಹನ್ನೊಂದನೆಯ ದಿನ, ಇನ್ನೆಂದೂ ಅಡುಗೆಮನೆಗೆ ತರಕೂಡದೆಂಬ ಷರತ್ತಿನ ಮೇಲೆ ಹೆಂಡತಿ ಕೊಟ್ಟಿದ್ದ ಹಳೆಯ ಕಾಫಿ ಜರಡಿಗೆ ಬಿತ್ತು: ಮೆಣಸಿನ ಕಾಳಿನಷ್ಟು ದೊಡ್ಡದು, ಮೈತುಂಬ ಮುಳ್ಳು. ವೈದ್ಯರು ಕೊಟ್ಟ ಮಾತ್ರೆಯಿಂದ ಎಂದು ನಾನೂ, ದಿಂಡಿನಿಂದ ಎಂದು ಅತ್ತೆಯವರೂ, ಮಿಕ್ಸಿಯ ಖರ್ಚಿನ ಆಘಾತದಿಂದ ಎಂದು ಹೆಂಡತಿಯೂ ವಾದಿಸಿದೆವು.

ಕಲ್ಲು ತೋರಿಸಲು ಹೋದಾಗ ವೈದ್ಯರು ಹಳೆಯ ರಿಪೋರ್ಟು ಕೇಳಿದರು. ಫೈಲು ಬಿಚ್ಚಿದರೆ, ಅತ್ತೆಯವರು ಕಳೆದುಹೋಗದಿರಲೆಂದು ಸ್ಕ್ಯಾನಿಂಗ್ ಹಾಳೆಗಳ ನಡುವೆ ಇರಿಸಿದ್ದ ಕಾಡುಬಸಳೆ ಎಲೆಯ ಅಂಚಿನುದ್ದಕ್ಕೂ ಬಿಳಿ ಬೇರು ಬಿಟ್ಟ ಐದು ಪುಟ್ಟ ಸಸಿಗಳು ಎದ್ದಿದ್ದವು. ನಾನು ತಲೆ ತಗ್ಗಿಸಿದೆ. ವೈದ್ಯರು ಬಾಗಿಲ ಕಡೆಗೊಮ್ಮೆ ನೋಡಿ, ಎರಡು ಸಸಿಗಳನ್ನು ಮೆಲ್ಲಗೆ ಬಿಡಿಸಿಕೊಂಡು ಖಾಲಿ ಕಾಫಿ ಲೋಟದಲ್ಲಿಟ್ಟರು. "ನಮ್ಮತ್ತೆಯವರು ಬಹಳ ದಿನದಿಂದ ಹುಡುಕುತ್ತಿದ್ದರು" ಎಂದರು.