ತಾನೇ ಕೂರುತ್ತೆ ಅಂತ ಬಿಡಬೇಡಿ

ಇವತ್ತು ಬೆಳಿಗ್ಗೆ ಬಾಗಲಕೋಟೆ ನವನಗರದಲ್ಲಿ ಹುಡುಗಿಯರ ಖೋ ಖೋ ನೋಡ್ತಾ ನಿಂತಿದ್ದೆ. ಕಂಬ ಸುತ್ತಿ ತಿರುಗುವಾಗ ಒಬ್ಬಳು ಕುಸಿದು ಬಿದ್ದಳು. ಮೊಣಕಾಲ ಚಿಪ್ಪು ಹೊರಬದಿಗೆ ಜಾರಿತ್ತು. ಹಲ್ಲು ಕಚ್ಚಿ ಕಾಲು ಚಾಚಿದಳು, ಚಿಪ್ಪು ಜಾಗಕ್ಕೆ ಬಂತು. ನಾನು ಓಡಿ ಹೋದರೆ ಜೊತೆಗಿದ್ದವರು, "ಆಕೀಗಿ ಯಾವಾಗ್ಲೂ ಹಿಂಗ ಆಗ್ತೈತ್ರಿ ಮೇಡಂ, ತಾನ ಕುಂದರ್ತೈತಿ" ಅಂದರು. ಐಸ್ ಇಡೋಣ ಅಂತ ಕೂಡ ಯಾರಿಗೂ ಅನಿಸಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ನನಗೆ.

ಪದೇ ಪದೇ ಜಾರುತ್ತಿದೆ ಅಂದರೆ ಡಾಕ್ಟರ ಹತ್ತಿರ ಓಡಬೇಕು. ನಮ್ಮಲ್ಲಿ ಅದನ್ನೇ ಸುಮ್ಮನಿರೋಕೆ ಕಾರಣ ಮಾಡಿಕೊಳ್ತಾರೆ.

ಚಿಪ್ಪಿನ ಒಳಬದಿಯಿಂದ ತೊಡೆಮೂಳೆಗೆ ಒಂದು ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ, ಇದೆ. ಎಂಪಿಎಫ್‌ಎಲ್ ಅಂತಾರೆ. ಕಾಲು ನೇರ ಇರುವಾಗಿಂದ ಸುಮಾರು 30 ಡಿಗ್ರಿ ಮಡಚುವವರೆಗೆ ಚಿಪ್ಪನ್ನು ಹೊರಗೆ ಜಾರದಂತೆ ಹಿಡಿಯೋದು ಮುಖ್ಯವಾಗಿ ಅದೇ. ಇನ್ನೂ ಮಡಚಿದರೆ ಚಿಪ್ಪು ತೊಡೆಮೂಳೆಯ ತೋಡಿನೊಳಗೆ ಕೂರುತ್ತೆ. ಚಿಪ್ಪು ಮೊದಲ ಸಲ ಪೂರ್ತಿ ಜಾರಿದಾಗಲೇ ಹೆಚ್ಚಿನವರಲ್ಲಿ ಈ ಲಿಗಮೆಂಟ್ ಹರಿದಿರುತ್ತೆ. ಮಾಯ್ದರೂ ಎಷ್ಟೋ ಜನರಿಗೆ ಸಡಿಲವಾಗಿಯೇ ಉಳಿಯುತ್ತೆ. ಆಮೇಲೆ ಜಾರಿದ ಪ್ರತಿ ಸಲವೂ ಕಾರ್ಟಿಲೇಜಿಗೆ, ಅಂದರೆ ಕೀಲಿನೊಳಗೆ ಮೂಳೆಯ ಮೇಲಿರುವ ನುಣುಪಾದ ಪದರಕ್ಕೆ, ಪೆಟ್ಟು ಬೀಳಬಹುದು. ಕೆಲವೊಮ್ಮೆ ಚೂರೇ ಕಿತ್ತು ಬರುತ್ತೆ. ಅದು ಮೊದಲಿನ ಹಾಗೆ ಮತ್ತೆ ಬೆಳೆಯಲ್ಲ. ಚಿಪ್ಪು ತಾನೇ ಕೂತಿತು ಅಂತ ಮನೆಗೆ ಹೋಗ್ತೀರಲ್ಲ, ಒಳಗೆ ಏನು ಹಾಳಾಯಿತು ಅಂತ ನೋಡಿದಿರಾ?

"ನೀವೇ ಫಿಸಿಯೋಥೆರಪಿ ಮಾಡಿಸೋರು, ವ್ಯಾಯಾಮದಿಂದ ಆಗಲ್ವಾ?" ಅಂತ ಕೇಳ್ತೀರಿ. ಮೊದಲ ಸಲವಾದರೆ, ಚೂರು ಮುರಿಯದೇ ಇದ್ದರೆ, ನಾನೂ ವ್ಯಾಯಾಮವನ್ನೇ ಹೇಳ್ತೀನಿ. ಎಷ್ಟೋ ಮಕ್ಕಳಿಗೆ ಮತ್ತೆ ಜಾರುವುದೂ ಇಲ್ಲ. ಆದರೆ ಮೇಲಿಂದ ಮೇಲೆ ಜಾರ್ತಿದ್ದರೆ ಬೇರೆ ಮಾತು. ತೊಡೆಯ ಸ್ನಾಯು ಎಷ್ಟೇ ಗಟ್ಟಿ ಮಾಡಿಸಿದರೂ ಸಡಿಲಾದ ಲಿಗಮೆಂಟ್ ಬಿಗಿಯಾಗಲ್ಲ. ಅಂಥವರಿಗೆ ಹೆಚ್ಚಾಗಿ ಆಪರೇಷನ್ ಬೇಕಾಗುತ್ತೆ.

ಆಪರೇಷನ್‌ನಲ್ಲಿ ಸಾಮಾನ್ಯವಾಗಿ ತೊಡೆಯ ಹಿಂಭಾಗದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕೂಡಿಸುವ ಹುರಿ) ತೆಗೆದು, ಚಿಪ್ಪಿಗೂ ತೊಡೆಮೂಳೆಗೂ ಕೂಡಿಸಿ ಹೊಸ ಲಿಗಮೆಂಟ್ ಕಟ್ಟುತ್ತಾರೆ. ಕೂಡಿಸುವ ಜಾಗ ಕೆಲವು ಮಿಲಿಮೀಟರ್ ತಪ್ಪಿದರೂ ಕಾಲು ಮಡಚುವಾಗ ಬಿಗಿತ ಬರಬಹುದು. ಹಾಗಾಗಿ ಇದನ್ನು ಮಾಡಿ ರೂಢಿ ಇರುವ ಸರ್ಜನ್ನೇ ಬೇಕು. ತೋಡು ಆಳ ಇಲ್ಲದವರಿಗೆ, ಚಿಪ್ಪು ಮೇಲಕ್ಕಿರುವವರಿಗೆ ಮೂಳೆ ಸರಿಪಡಿಸುವ ಆಪರೇಷನ್ನೂ ಬೇಕಾಗಬಹುದು. ಎಂಆರ್‌ಐ ಮಾಡಿಸೋದು ಇದನ್ನೆಲ್ಲ ಮೊದಲೇ ತಿಳಿಯೋಕೆ, ದುಡ್ಡು ಕೀಳೋಕಲ್ಲ. ಇನ್ನೂ ಬೆಳೆಯುತ್ತಿರುವ ಮಕ್ಕಳಾದರೆ ಮೂಳೆ ಬೆಳೆಯುವ ಜಾಗಕ್ಕೆ ಪೆಟ್ಟಾಗದಂತೆ ಮಾಡ್ತಾರೆ.

ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತೆ. ಆದರೆ ಖರ್ಚಿಗಿಂತ ಮೊದಲು ನನ್ನ ಕಿವಿಗೆ ಬೀಳೋದು, "ಕಾಲ ಮ್ಯಾಲೆ ಕೊಯ್ದ ಗುರ್ತಿದ್ರ ಲಗ್ನ ಹೆಂಗ್ರಿ?" ಅನ್ನೋದು. ಗಂಡುಮಕ್ಕಳ ಅಪ್ಪ ಅಮ್ಮ ಇದನ್ನು ಕೇಳಿದ್ದು ನಾನು ನೋಡಿಲ್ಲ. ಮೆಟ್ಟಿಲು ಇಳಿಯೋಕೆ, ಬಸ್ ಹತ್ತೋಕೆ, ನೆಲದಲ್ಲಿ ಕೂತು ಏಳೋಕೆ ದಿನಾ ಹೆದರುವ ಹುಡುಗಿಯ ಕಷ್ಟ ಮಾತ್ರ ಯಾರೂ ಕೇಳಲ್ಲ.

ಇನ್ನೊಂದು. ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ ಕೂಡಲೇ ನನ್ನ ಹತ್ತಿರ ಬರೋದು ನಿಲ್ಲಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ. ಕಾಲು ಪೂರ್ತಿ ಮಡಚಬೇಕು, ಒಣಗಿದ ತೊಡೆ ತುಂಬಿಕೊಳ್ಳಬೇಕು, ಓಡ್ತಾ ಓಡ್ತಾ ಗಕ್ಕನೆ ತಿರುಗೋದನ್ನು ಮತ್ತೆ ಕಲಿಯಬೇಕು. ಆಟಕ್ಕೆ ಮರಳೋಕೆ ಸಾಮಾನ್ಯವಾಗಿ ಆರು ತಿಂಗಳಾದರೂ ಬೇಕು. ಅಷ್ಟು ದಿನ ಮಗಳನ್ನು ಕರೆದುಕೊಂಡು ಬನ್ನಿ, ಮುಂದಿನದು ನಾನು ನೋಡಿಕೊಳ್ತೀನಿ.