ನಡುಮನೆಗೆ ಬಂದ ಹಿತ್ತಲು

ತುಮಕೂರಿನ ಹೊಸ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ನಿವೇಶನದ ಅಂಚಿನವರೆಗೂ ಮನೆ ಎದ್ದ ಮೇಲೆ, ಹಿತ್ತಲಿಗೆ ಉಳಿದ ಜಾಗವೆಂದರೆ ನಡುಮನೆಯೇ. ಮನಿ ಪ್ಲಾಂಟ್ ಟಿ.ವಿ. ಪಕ್ಕಕ್ಕೆ, ಸ್ನೇಕ್ ಪ್ಲಾಂಟ್ ಮೆಟ್ಟಿಲ ಕೆಳಗೆ. ಯಾವುದು ಎಲ್ಲಿರಬೇಕೆಂದು ಗೊತ್ತುಮಾಡುವುದು ಸೋಫಾ, ಗಿಡವಲ್ಲ.

ಮನಿ ಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೊರೇಆ ದ್ವೀಪ. ಅಷ್ಟು ದೂರದಿಂದ ಬಂದ ಬಳ್ಳಿಗೆ ನಮ್ಮವರು, ಕದ್ದು ತಂದರೆ ಮಾತ್ರ ಹಬ್ಬುತ್ತದೆಂಬ ಶಾಸ್ತ್ರವನ್ನು ಅಂಟಿಸಿದ್ದಾರೆ. ಹೀಗಾಗಿ ಅರಿಸಿನ ಕುಂಕುಮಕ್ಕೆ ಬಂದವರು ಹೊರಡುವಾಗ ಒಂದು ತುಂಡು ಚಿವುಟಿಕೊಳ್ಳುವುದೂ, ಕಂಡೂ ಕಾಣದಂತೆ ಮನೆಯಾಕೆ ಅಡುಗೆಮನೆಯತ್ತ ತಿರುಗುವುದೂ ಸಭ್ಯ ನಡವಳಿಕೆಯೇ ಆಗಿಬಿಟ್ಟಿದೆ. ನಿಜಕ್ಕೂ ತುಂಡಿನಲ್ಲಿ ಒಂದು ಗೆಣ್ಣಿದ್ದರೆ ಸಾಕು, ನೀರಿನ ಬಾಟಲಿಯಲ್ಲೂ ಬೇರು ಬರುತ್ತದೆ. ಕಳವಿನ ಪುಣ್ಯ ಬೇಕಿಲ್ಲ. ಇದೇ ಬಳ್ಳಿ ಹೊರಗೆ ತೆಂಗಿನ ಮರವನ್ನು ಹತ್ತಿದರೆ ಎಲೆ ಮೊಳದುದ್ದ ಬೆಳೆದು ಸೀಳಿಕೊಳ್ಳುತ್ತದೆ. ಬಾಟಲಿಯಲ್ಲಿ ಅಂಗೈಯಗಲ ಮೀರುವುದಿಲ್ಲ.

ಬೆಳಕಿನ ವಿಷಯದಲ್ಲಿ ಕಣ್ಣಿನ ಸಾಕ್ಷ್ಯವನ್ನು ನಂಬಲಾಗದು. ನಡುಹಗಲಿನ ನೇರ ಬಿಸಿಲು ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಸುಮಾರು 1,00,000 ಇದ್ದಾಗಲೂ, ಕಿಟಕಿಯಿಂದ ದೂರದ ಮೂಲೆಗೆ ಕೆಲವು ನೂರು ಲಕ್ಸ್ ತಲುಪಿದರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ಆ ಕೊರತೆಯನ್ನು ನಮ್ಮಿಂದ ಮುಚ್ಚಿಡುತ್ತದೆ. ಎಲೆಗೆ ಅಂಥ ಅನುಕೂಲವಿಲ್ಲ. ಇನ್ನು ಕುಂಡದ ಗಿಡಗಳಿಂದ ಮನೆಯ ಗಾಳಿ ಶುದ್ಧವಾಗುತ್ತದೆಂಬ ಮಾತು: ಅದಕ್ಕೆ ಆಧಾರವೆನ್ನುವ, 1989ರಲ್ಲಿ ನಾಸಾ ಪ್ರಕಟಿಸಿದ ಅಧ್ಯಯನ ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಮನೆಯೊಳಗೆ ಸಹಜವಾಗಿ ಆಡುವ ಗಾಳಿಗೆ ಸಮನಾಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿತು. ಕಿಟಕಿ ತೆರೆಯುವುದು ಅಗ್ಗ.

ಬೆಳಕು ತಗ್ಗಿದಷ್ಟೂ ಗಿಡ ಕುಡಿಯುವುದು ಕಡಿಮೆ. ಆದರೂ ಬೋರ್‌ವೆಲ್ ನೀರಿನ ಬಿಂದಿಗೆ ಬಿಂದಿಗೆಗೂ ಲೆಕ್ಕವಿಡುವ ನಮ್ಮ ಜಿಲ್ಲೆಯಲ್ಲಿಯೇ ಕುಂಡದ ಗಿಡಗಳು ಬಹುಮಟ್ಟಿಗೆ ಸಾಯುವುದು ಅತಿಯಾದ ನೀರಿನಿಂದ. ಬೀಗರ ಎಲೆಗೆ ಬಡಿಸುವಂತೆ, ಸಾಕೆಂದರೂ ನಾವು ಬಿಡುವುದಿಲ್ಲ. ಬೇರಿಗೂ ಗಾಳಿ ಬೇಕು. ತಿಪಟೂರು, ಗುಬ್ಬಿಯಂಥ ತೆಂಗಿನ ಸೀಮೆಯಲ್ಲಿ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿಯೇ ಕೋಕೋಪೀಟ್ ಎಂಬ ಹೆಸರಿನಲ್ಲಿ ಇಟ್ಟಿಗೆಯ ರೂಪ ತಾಳಿ ನರ್ಸರಿಗೆ ಬರುತ್ತದೆ. ಅದು ಮೇಲೆ ಒಣಗಿ ಕಂಡರೂ ಒಳಗೆ ಒದ್ದೆಯಾಗಿರುತ್ತದೆಯಾದ್ದರಿಂದ ಬೆರಳು ಇಳಿಸಿ ನೋಡದೆ ನೀರು ಹಾಕಬಾರದು. ಸ್ನೇಕ್ ಪ್ಲಾಂಟ್ ಅಂತೂ ಎಲೆಯ ಉಸಿರುಗಂಡಿಗಳಾದ ಪತ್ರರಂಧ್ರಗಳನ್ನು ರಾತ್ರಿಯಲ್ಲಿ ತೆರೆದು ಹಗಲಿನ ನೀರಿನ ಖರ್ಚನ್ನು ಉಳಿಸುವ ಜಿಪುಣ. ಅದಕ್ಕೆ ಎರಡು ಮೂರು ವಾರಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ.

ಬೋರ್‌ವೆಲ್ಲಿನ ಗಡಸು ನೀರು ಮಣ್ಣಿನ ಮೇಲೆ ಬಿಳಿಯ ಹೆಪ್ಪು ಕಟ್ಟಿಸುತ್ತದೆ, ಲವಣ ಹೆಚ್ಚಿದರೆ ಎಲೆಯ ತುದಿ ಕಂದುತ್ತದೆ. ಮಳೆಗಾಲದಲ್ಲಿ ತಾರಸಿಯ ಕೊಳವೆಗೆ ಬಕೆಟ್ಟು ಹಿಡಿದವರಿಗೆ ಈ ಚಿಂತೆಯಿಲ್ಲ. ಉಳಿದವರು ಆಗೀಗ ಕುಂಡದ ತಳದಿಂದ ಹರಿಯುವಷ್ಟು ಧಾರಾಳವಾಗಿ ನೀರು ಸುರಿದು ಲವಣವನ್ನು ತೊಳೆದು, ಆಮೇಲೆ ಮಣ್ಣು ಒಣಗುವತನಕ ಕೈಕಟ್ಟಿಕೊಂಡಿರುವುದು ಮೇಲು.