ಆಮದಿದ್ದರೆ ವಿಲೀನಕ್ಕೆ ಅನುಮತಿ ಬೇಡವೇ? ಒಂದು ಸ್ಪಷ್ಟನೆ

‘ಹೊರದೇಶದ ಅಡಿಕೆ ಬರುತ್ತಿರುವಾಗ ದೊಡ್ಡ ಖರೀದಿ ಕಂಪನಿಗಳು ಒಂದಾದರೂ ಸ್ಪರ್ಧಾ ಆಯೋಗ ಕೇಳುವ ಹಾಗಿಲ್ಲ’ ಎಂಬ ಸಂದೇಶ ಶಿರಸಿ ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2002ರ ಸ್ಪರ್ಧಾ ಕಾಯ್ದೆಯ 20(4)ನೇ ಕಲಂ ಪ್ರಕಾರ ವಿಲೀನದಿಂದ ಮಾರುಕಟ್ಟೆಯ ಪೈಪೋಟಿಗೆ ಪೆಟ್ಟು ಬೀಳುತ್ತದೆಯೇ ಎಂದು ಆಯೋಗ ತೂಗಿ ನೋಡಬೇಕಾದ ಹಲವು ಅಂಶಗಳಲ್ಲಿ ಆಮದಿನ ಪೈಪೋಟಿಯೂ ಒಂದು, ಅದು ವಿನಾಯಿತಿ ಅಲ್ಲ. ಆಸ್ತಿ, ವಹಿವಾಟು ಕಾಯ್ದೆಯ ಮಿತಿ ದಾಟಿದರೆ ವಿಲೀನಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಆ ಮಿತಿಯೊಳಗಿನ ಸಣ್ಣ ವಕಾರಿಗಳಿಗೆ (ಅಡಿಕೆ ವ್ಯಾಪಾರದ ಮಳಿಗೆಗಳಿಗೆ) ಇದು ತಾಗುವುದಿಲ್ಲ.

ನಮ್ಮವರು ಗಮನಿಸಬೇಕಾದ್ದು ಇನ್ನೊಂದಿದೆ. ವ್ಯಾಪಾರಿಗಳು ದರ ಬರೆದು ಕೊಳ್ಳುವ ಟೆಂಡರ್ ದಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ಚೀಲ ಬಿಚ್ಚಿಟ್ಟು ನಿಂತ ಬೆಳೆಗಾರನಿಗೆ ಬೇಕಾದ್ದು ದರ ಬರೆಯುವ ಮತ್ತೊಂದು ಕೈ. ಆಮದು ಅಡಿಕೆ ಅವನೆದುರು ಮತ್ತೊಬ್ಬ ಮಾರುವವನನ್ನು ತಂದು ನಿಲ್ಲಿಸುತ್ತದೆಯೇ ಹೊರತು ಕೊಳ್ಳುವವನನ್ನಲ್ಲ. ಕೊಳ್ಳುವವರು ಒಂದಾದಾಗ ಆಮದು ಅವನನ್ನು ಕಾಯುವುದು ಹೇಗೆ?